ಗಟ್ಟಿಮೇಳದ ನಡುವೆ 'ಅಜ್ಜೀ' ಅನ್ನುವ ಕೂಗು ಕೇಳಿಸಿದ್ದು ಹೇಗೆ?

ಪ್ರಶ್ನೆ: ನನಗೆ 61 ವರ್ಷ, ನಮ್ಮ ಯಜಮಾನರಿಗೆ 67. ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಹೋಗಿದ್ದೆವು. ಗಟ್ಟಿಮೇಳದ ಹೊತ್ತಿನಲ್ಲಿ ವಾಲಗ, ಡೋಲು, ಮೈಕು, ಜನರ ಮಾತು ಎಲ್ಲ ಸೇರಿ ಕಿವಿ ಗಡಚಿಕ್ಕುತ್ತಿತ್ತು. ಅಷ್ಟರಲ್ಲೂ ಛತ್ರದ ಆ ತುದಿಯಿಂದ ನನ್ನ ಮೊಮ್ಮಗಳು 'ಅಜ್ಜೀ' ಅಂತ ಕೂಗಿದ್ದು ನನಗೆ ಕೇಳಿಸಿತು. ಪಕ್ಕದಲ್ಲೇ ಕೂತಿದ್ದ ಇವರಿಗೆ ಮಾತ್ರ ಒಂದೊಂದು ಮಾತನ್ನೂ ಮೂರು ಸಲ ಹೇಳಬೇಕಾಯಿತು. 'ಸದ್ದು ಕೇಳಿಸುತ್ತೆ ಕಣೇ, ಏನು ಹೇಳ್ತಿದ್ದೀಯ ಅಂತ ಗೊತ್ತಾಗಲ್ಲ' ಅನ್ನುತ್ತಾರೆ. ಮನೆಯಲ್ಲಿ ಇಬ್ಬರೇ ಇದ್ದಾಗ ಇಷ್ಟು ತೊಂದರೆ ಇಲ್ಲ. ರೇಡಿಯೋದಲ್ಲಿ ಹಾಡುವವರ ಶ್ರುತಿ ಒಂಚೂರು ತಪ್ಪಿದರೂ ಹಿಡಿಯುತ್ತಾರೆ! ಹಾಗಾದರೆ ಇದು ಕಿವಿಯ ದೋಷವೋ, ಗಮನ ಕೊಡದ ಚಾಳಿಯೋ? ಇಷ್ಟೊಂದು ಸದ್ದುಗಳನ್ನು ಮಿದುಳು ಹೇಗೆ ಬೇರೆ ಬೇರೆ ಮಾಡುತ್ತದೆ?
ಶಿವಮೊಗ್ಗದ ಓದುಗರು

ಉತ್ತರ: ಮೊದಲೇ ಹೇಳಿಬಿಡುತ್ತೇನೆ ಅಮ್ಮಾ, ನಿಮ್ಮ ಯಜಮಾನರು ಬೇಕಂತಲೇ ಹಾಗೆ ಮಾಡುತ್ತಿಲ್ಲ. 'ಸದ್ದು ಕೇಳಿಸುತ್ತೆ, ಮಾತು ಗೊತ್ತಾಗಲ್ಲ' ಅನ್ನುವುದು ಕಿವಿ ಪರೀಕ್ಷೆಯ ಕೋಣೆಯಲ್ಲಿ ನಾನು ದಿನಾ ಕೇಳುವ ಮಾತು. ಹೇಳುವವರು ಹೆಚ್ಚಾಗಿ ಅರವತ್ತು ದಾಟಿದವರು. ಜೊತೆಗೆ ಬಂದವರು ಹಿಂದಿನಿಂದ 'ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ' ಅಂತ ಸೇರಿಸುತ್ತಾರೆ. ತಮಾಷೆ ಏನಪ್ಪಾ ಅಂದರೆ, ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವುದೇ ಮಿದುಳಿನ ಕೆಲಸ. ಅದು ಸರಿಯಾಗಿ ನಡೆಯದೆ ಬೇಡದ್ದೆಲ್ಲ ಒಳಗೆ ನುಗ್ಗಿದಾಗಲೇ ಜನ ನಮ್ಮ ಹತ್ತಿರ ಬರುವುದು.

ನೀವು ಗಟ್ಟಿಮೇಳದ ಉದಾಹರಣೆ ಕೊಟ್ಟಿದ್ದು ಒಳ್ಳೆಯದಾಯಿತು. ತಾಳಿ ಕಟ್ಟುವ ಹೊತ್ತಿಗೆ ಯಾಕೆ ಅಷ್ಟು ಜೋರಾಗಿ ಬಾರಿಸುತ್ತಾರೆ? ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಅಂತ ಹಿರಿಯರು ಹೇಳುತ್ತಾರೆ. ಅಂದರೆ ಒಂದು ಸದ್ದಿನಿಂದ ಇನ್ನೊಂದನ್ನು ಮುಚ್ಚುವುದು. ನಾವು ಇದಕ್ಕೆ ಮಾಸ್ಕಿಂಗ್ ಅನ್ನುತ್ತೇವೆ. ಒಂದು ಕಿವಿಯನ್ನು ಪರೀಕ್ಷೆ ಮಾಡುವಾಗ ಇನ್ನೊಂದು ಕಿವಿ ನಡುವೆ ಬಾಯಿ ಹಾಕದಿರಲಿ ಅಂತ ಅದಕ್ಕೆ 'ಸುಯ್' ಅನ್ನುವ ಸದ್ದು ಬಿಡುತ್ತೇವೆ, ಅದೂ ಒಂದು ಗಟ್ಟಿಮೇಳವೇ. ಬೇರೆ ಸದ್ದು ಕೇಳಿಸಬಾರದು ಅಂತಲೇ ಬಾರಿಸಿದ ಮೇಳವನ್ನು ದಾಟಿಕೊಂಡು ನಿಮ್ಮ ಮೊಮ್ಮಗಳ ಕೂಗು ನಿಮ್ಮ ಹತ್ತಿರ ಬಂತಲ್ಲ, ಅದು ಸಣ್ಣ ವಿಷಯ ಅಲ್ಲ.

ಯಾಕೆ ಅಲ್ಲ ಅಂತ ನೋಡಿ. ಒಂದು ಉದ್ದನೆಯ ಹಗ್ಗ ಇದೆ ಅಂದುಕೊಳ್ಳಿ. ಒಂದು ತುದಿ ನಿಮ್ಮ ಕೈಯಲ್ಲಿ, ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿದೆ. ಹಗ್ಗದ ಉದ್ದಕ್ಕೂ ಹತ್ತು ಜನ ನಿಂತು ತಮಗೆ ತೋಚಿದ ಹಾಗೆ ಅಲ್ಲಾಡಿಸುತ್ತಿದ್ದಾರೆ. ನಿಮ್ಮ ಕೈಗೆ ಬರುವುದು ಒಂದೇ ನಡುಕ. ಅದರಿಂದಲೇ ಯಾರು ಎಲ್ಲಿ ನಿಂತಿದ್ದಾರೆ, ಯಾರು ಜೋರಾಗಿ ಎಳೆಯುತ್ತಿದ್ದಾರೆ, ಈಗಷ್ಟೇ ಬಂದು ಸೇರಿಕೊಂಡವರು ಯಾರು ಅಂತೆಲ್ಲ ಹೇಳಬೇಕು. ಕಿವಿಯ ತಮಟೆಯ ಪಾಡು ಇದೇ. ವಾಲಗಕ್ಕೊಂದು ತಮಟೆ, ಮೈಕಿಗೊಂದು ತಮಟೆ ಅಂತ ಇಲ್ಲ. ಎಲ್ಲ ಸದ್ದೂ ಗಾಳಿಯಲ್ಲೇ ಬೆರೆತು ಬಂದು ಒಂದೇ ಪೊರೆಯನ್ನು ಹಿಂದೆ ಮುಂದೆ ತಳ್ಳುತ್ತವೆ. ಬೇರೆ ಬೇರೆ ಸದ್ದು ಅನ್ನುವುದು ಛತ್ರದಲ್ಲಿತ್ತು, ಆಮೇಲೆ ನಿಮ್ಮ ಮಿದುಳಿನಲ್ಲಿತ್ತು, ನಡುವೆ ತಮಟೆಯ ಮೇಲೆ ಎಲ್ಲೂ ಇರಲಿಲ್ಲ.

ತಮಟೆಯ ಹಿಂದೆ ಮೂರು ಪುಟ್ಟ ಮೂಳೆ, ಅವುಗಳ ಹಿಂದೆ ದೊಡ್ಡ ಬಟಾಣಿ ಕಾಳಿನಷ್ಟಿರುವ ಒಂದು ಶಂಖ. ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಇದಕ್ಕೆ ಡಾಕ್ಟರುಗಳು ಕಾಕ್ಲಿಯಾ ಅನ್ನುತ್ತಾರೆ. ಬಿಡಿಸಿ ಇಟ್ಟರೆ ಸುಮಾರು 35 ಮಿಲಿಮೀಟರ್ ಉದ್ದ. ಒಳಗೆ ಉದ್ದಕ್ಕೂ ಒಂದು ಪೊರೆ. ಬಾಗಿಲ ಹತ್ತಿರ ಅದು ಕಿರಿದು, ಬಿಗಿ. ಒಳಗೆ ಹೋದ ಹಾಗೆ ಅಗಲ, ಸಡಿಲ. ಹಾಗಾಗಿ ಕೀರಲು ಸದ್ದು ಬಂದರೆ ಬಾಗಿಲ ಬಳಿ ಕುಣಿಯುತ್ತದೆ, ಡೋಲಿನ ದಪ್ಪ ಸದ್ದು ಬಂದರೆ ಒಳ ತುದಿಯಲ್ಲಿ ಕುಣಿಯುತ್ತದೆ. ಹಂಗೇರಿಯಲ್ಲಿ ಹುಟ್ಟಿದ ಗಿಯೋರ್ಗ್ ಫಾನ್ ಬೆಕೆಸಿ ಈ ಅಲೆಯನ್ನು ಶವಗಳ ಕಿವಿಯಲ್ಲಿ ಮೈಕ್ರೋಸ್ಕೋಪ್ ಇಟ್ಟು ಕಣ್ಣಾರೆ ನೋಡಿದವರು. 1961ರಲ್ಲಿ ಅವರಿಗೆ ನೊಬೆಲ್ ಬಂತು.

ಪೊರೆಯ ಮೇಲೆ ಸಾಲಾಗಿ ರೋಮದಂಥ ತುದಿ ಇರುವ ಕೋಶಗಳಿವೆ. ಒಳಸಾಲಿನ ಸುಮಾರು 3,500 ಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊರಸಾಲುಗಳಲ್ಲಿ ಸುಮಾರು 12,000 ಇವೆ, ಅವುಗಳ ಕೆಲಸವೇ ಬೇರೆ. ಅವು ಸದ್ದಿನ ಜೊತೆ ತಾವೂ ಕುಣಿದು ಸಣ್ಣ ಸದ್ದನ್ನು ಎತ್ತಿ ಕೊಡುತ್ತವೆ, ಅಕ್ಕಪಕ್ಕದ ಎರಡು ಸ್ವರ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಚೂಪು ಮಾಡುತ್ತವೆ. ಈ ಹೊರಸಾಲನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಯಜಮಾನರ ಕಥೆ ಬಹುಶಃ ಅಲ್ಲೇ ಇದೆ.

ಅಷ್ಟಕ್ಕೆ ಸದ್ದು ಬೇರೆ ಬೇರೆ ಆಯಿತಲ್ವಾ ಅಂತ ಕೇಳಬಹುದು. ಆಗಲಿಲ್ಲ, ಇನ್ನೂ ಕಲಸಿಹೋಯಿತು. ಯಾಕೆಂದರೆ ಒಂದು ವಾಲಗದ ಸ್ವರದಲ್ಲಿ ದಪ್ಪ, ನಡು, ಕೀರಲು ಎಲ್ಲ ಅಂಶವೂ ಇರುತ್ತದೆ. ಮಗುವಿನ ಕೂಗಿನಲ್ಲೂ ಇರುತ್ತದೆ. ಶಂಖ ಇವೆಲ್ಲವನ್ನೂ ಹೆಚ್ಚಿಹಾಕುತ್ತದೆ. ಮದುವೆ ಮನೆಯ ಅಡುಗೆ ಭಟ್ಟರು ತರಕಾರಿಯನ್ನೆಲ್ಲ ಒಟ್ಟಿಗೆ ಹೆಚ್ಚಿ, ಯಾವುದು ಬದನೆ ಯಾವುದು ಹುರುಳಿಕಾಯಿ ಅಂತ ನೋಡದೆ, ಸುಮ್ನೆ ಹೋಳಿನ ಗಾತ್ರದ ಮೇಲೆ ಬೇರೆ ಬೇರೆ ತಟ್ಟೆಗೆ ಹಾಕಿದರೆ ಹೇಗೆ? ಹಾಗೆ. ಒಂದೊಂದು ಕಿವಿಯಿಂದ ಹೊರಡುವ ಸುಮಾರು 30,000 ನರದ ಎಳೆಗಳು ಈ ತಟ್ಟೆಗಳನ್ನು ಹೊತ್ತುಕೊಂಡು ಹೋಗುತ್ತವೆ. ಯಾವ ಯಾವ ಹೋಳು ಒಂದೇ ಬದನೆಕಾಯಿಯದ್ದು ಅಂತ ಕಂಡುಹಿಡಿದು ಮತ್ತೆ ಜೋಡಿಸುವುದು ಮಿದುಳಿನ ಪಾಲಿನ ಕೆಲಸ. ಅದು ಮಾಡುವುದು ಊಹೆ, ಆದರೆ ಸುಮ್ಮನೆ ಕಣ್ಣುಮುಚ್ಚಿ ಮಾಡುವ ಊಹೆ ಅಲ್ಲ. ಕೆಲವು ಗುರುತುಗಳನ್ನು ಹಿಡಿದು ಮಾಡುತ್ತದೆ.

ಮೊದಲ ಗುರುತು ತುಂಬಾ ಸರಳ. ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಂತದ್ದು ಒಂದೇ ಕಡೆಯಿಂದ ಬಂದದ್ದು. ಅಡುಗೆಮನೆಯಲ್ಲಿ ಹತ್ತು ಲೋಟ ಬಿದ್ದರೂ 'ಲೋಟದ ಸ್ಟ್ಯಾಂಡ್ ಬಿತ್ತು' ಅಂತ ಒಂದೇ ಘಟನೆಯಾಗಿ ಕೇಳಿಸುವುದು ಅದಕ್ಕೇ.

ಇನ್ನೊಂದು ಗುರುತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಅದು ಇಷ್ಟ. ಯಾರಾದರೂ 200 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 200 ಸಲ ಗಂಟಲು ಕಂಪಿಸುವ ಹಾಗೆ 'ಆ' ಅಂದರೆ, ಆ ಧ್ವನಿಯಲ್ಲಿ 200 ಮಾತ್ರ ಅಲ್ಲ, 400, 600, 800 ಹೀಗೆ ಅದರ ಮಗ್ಗಿಯೆಲ್ಲ ಇರುತ್ತದೆ. ಮಿದುಳಿಗೆ ಈ ಮಗ್ಗಿ ಬಾಯಿಪಾಠ. ಹರಡಿಕೊಂಡಿರುವ ತಟ್ಟೆಗಳಲ್ಲಿ ಒಂದೇ ಮಗ್ಗಿಗೆ ಸೇರಿದ್ದು ಕಂಡರೆ 'ಇವೆಲ್ಲ ಒಂದು ಮನೆಯವು' ಅಂತ ಒಟ್ಟು ಹಾಕಿ, ಅದಕ್ಕೆ ಒಂದು ಸ್ವರ ಅಂತ ಹೆಸರಿಡುತ್ತದೆ. ಮಗ್ಗಿಗೆ ಕೂರದೆ ಚೆಲ್ಲಾಪಿಲ್ಲಿಯಾಗಿದ್ದರೆ 'ಧಡ್', 'ಟಕ್' ಅಂತ ಬರೀ ಸದ್ದಾಗಿ ಕೇಳಿಸುತ್ತದೆ. ಸಾಮಾನ್ಯ ಚರ್ಮವಾದ್ಯದ ಕಂಪನ ಮಗ್ಗಿಗೆ ಕೂರುವುದಿಲ್ಲ. ಆದರೆ ಮೃದಂಗದ ಬಲಗಡೆ ಕಪ್ಪು ಕರಣೆ ಹಾಕಿರುತ್ತಾರಲ್ಲ, ಅದರ ತೂಕ ಚರ್ಮದ ಕಂಪನವನ್ನು ಮಗ್ಗಿಯ ಹತ್ತಿರಕ್ಕೆ ಎಳೆದು ತರುತ್ತದೆ. ಹಾಗಾಗಿಯೇ ಮೃದಂಗವನ್ನು ಶ್ರುತಿಗೆ ಕೂಡಿಸಲು ಆಗುವುದು. ಇದನ್ನು ಮೊದಲು ವಿಜ್ಞಾನದ ಭಾಷೆಯಲ್ಲಿ ಬರೆದವರು ಸಿ.ವಿ. ರಾಮನ್, 1920ರಲ್ಲಿ. ನೊಬೆಲ್ ತಂದ ಬೆಳಕಿನ ಕೆಲಸಕ್ಕಿಂತ ಮೊದಲು ಅವರು ಸದ್ದಿನ ಹಿಂದೆ ಬಿದ್ದಿದ್ದರು ಅಂತ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕರಣೆ ಹಾಕುವ ಕುಶಲಕರ್ಮಿಗಳಿಗೆ ಈ ಲೆಕ್ಕ ಬೆರಳ ತುದಿಯಲ್ಲಿ ಮೊದಲಿಂದಲೂ ಇತ್ತು, ಅದು ಬೇರೆ ಮಾತು.

ಮಿದುಳಿಗೆ ಈ ಮಗ್ಗಿಯ ಮೇಲೆ ಎಷ್ಟು ನಂಬಿಕೆ ಅಂದರೆ, ಮೊದಲ ಸಂಖ್ಯೆಯೇ ಇಲ್ಲದಿದ್ದರೂ ಸೇರಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ದಾಟಿಸುತ್ತಿತ್ತು. ಗಂಡಸರ ಧ್ವನಿಯ ಬುಡ ಇರುವುದು 100, 120ರ ಆಸುಪಾಸು. ಅಂದರೆ ಬುಡ ಫೋನಿನಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಣ್ಣ ಫೋನ್ ಮಾಡಿದರೆ ಅಣ್ಣನ ದಪ್ಪ ಧ್ವನಿಯೇ ಕೇಳಿಸುತ್ತಿತ್ತು ಅಲ್ವಾ? 360, 480, 600 ಬಂದಿದೆ, ಹಾಗಾದರೆ 120 ಇರಲೇಬೇಕು ಅಂತ ಮಿದುಳು ತಾನೇ ತುಂಬಿಕೊಂಡದ್ದು ಅದು.

ಆಮೇಲೆ ದಿಕ್ಕು. ಮೊಮ್ಮಗಳು ನಿಮ್ಮ ಎಡಕ್ಕಿದ್ದರೆ ಅವಳ ಕೂಗು ಎಡಗಿವಿಗೆ ಮೊದಲು ಬರುತ್ತದೆ, ಬಲಗಿವಿಗೆ ತಡವಾಗಿ. ತಡ ಅಂದರೆ ಎಷ್ಟು? ಅತಿ ಹೆಚ್ಚೆಂದರೆ ಒಂದು ಸೆಕೆಂಡನ್ನು ಸಾವಿರ ಹೋಳು ಮಾಡಿ ಅದರಲ್ಲಿ ಮುಕ್ಕಾಲು ಹೋಳಿಗಿಂತ ಸ್ವಲ್ಪ ಕಡಿಮೆ. ನಮ್ಮ ಮಿದುಳು ಅದಕ್ಕಿಂತ ಎಷ್ಟೋ ಸಣ್ಣ, ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲದು. ದಪ್ಪ ಸದ್ದಿಗೆ ಈ ಸಮಯದ ವ್ಯತ್ಯಾಸ, ಕೀರಲು ಸದ್ದಿಗೆ ತಲೆಯ ಮರೆಯಿಂದ ಆಗುವ ಜೋರಿನ ವ್ಯತ್ಯಾಸ, ಹೀಗೆ ಎರಡು ಲೆಕ್ಕ ಇದೆ ಅಂತ ಲಾರ್ಡ್ ರೇಲಿ 1907ರಲ್ಲೇ ಹೇಳಿದ್ದರು. ಎರಡು ಕಿವಿಯ ಸುದ್ದಿಯನ್ನು ಹೋಲಿಸುವ ಜಾಗ ಮಿದುಳಿನ ಕಾಂಡದಲ್ಲಿದೆ, ಅಂದರೆ 'ಯಾರು ಕೂಗಿದ್ದು' ಅಂತ ನೀವು ಯೋಚಿಸುವ ಮುಂಚೆಯೇ 'ಎಲ್ಲಿಂದ' ಅನ್ನುವುದರ ಲೆಕ್ಕ ಶುರುವಾಗಿರುತ್ತದೆ. ಮೇಲೋ ಕೆಳಗೋ, ಮುಂದೋ ಹಿಂದೋ ಅನ್ನುವುದಕ್ಕೆ ಹೊರಗಿವಿಯ ಮಡಿಕೆಗಳು ಬೇಕು. ಹೆಲ್ಮೆಟ್ ಹಾಕಿಕೊಂಡಾಗ ಹಾರ್ನ್ ಎಲ್ಲಿಂದ ಬಂತು ಅಂತ ತಬ್ಬಿಬ್ಬಾಗುವುದಕ್ಕೆ ಅದೂ ಒಂದು ಕಾರಣ. ಹಾಗಂತ ಹೆಲ್ಮೆಟ್ ಬಿಡಬೇಡಿ.

ಈಗ ಡೋಲು. ಡೋಲಿನ ಸದ್ದು ಎಷ್ಟೇ ಜೋರಾಗಿದ್ದರೂ ಪೆಟ್ಟಿಗೂ ಪೆಟ್ಟಿಗೂ ನಡುವೆ ಸಣ್ಣ ಸಂದು ಇರುತ್ತದೆ. ಒಳ್ಳೆಯ ಕಿವಿ ಇರುವವರ ಮಿದುಳು ಈ ಸಂದುಗಳಲ್ಲಿ ಇಣುಕುತ್ತದೆ. ಒಂದು ಸಂದಿನಲ್ಲಿ 'ಅ' ಸಿಕ್ಕಿತು, ಇನ್ನೊಂದರಲ್ಲಿ 'ಜ್ಜೀ'ಯ ಬಾಲ ಸಿಕ್ಕಿತು, ನಡುವಿನದ್ದನ್ನು ಡೋಲು ನುಂಗಿತು. ನುಂಗಿದ್ದನ್ನು ಮಿದುಳು ತುಂಬಿಕೊಂಡಿತು. ಹೌದು, ತುಂಬಿಕೊಳ್ಳುತ್ತದೆ. ಅಮೆರಿಕದ ರಿಚರ್ಡ್ ವಾರನ್ 1970ರಲ್ಲಿ ಒಂದು ವಾಕ್ಯದ ಧ್ವನಿಮುದ್ರಣದಿಂದ ಒಂದು ಅಕ್ಷರದ ಸದ್ದನ್ನೇ ಕತ್ತರಿಸಿ ಆ ಜಾಗಕ್ಕೆ ಕೆಮ್ಮು ಅಂಟಿಸಿದರು. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ವಾಕ್ಯ ಪೂರ್ತಿ ಇದೆ, ಜೊತೆಗೆ ಯಾರೋ ಕೆಮ್ಮಿದರು ಅಷ್ಟೇ ಅಂದರು. ಕೆಮ್ಮು ಯಾವ ಅಕ್ಷರದ ಮೇಲೆ ಬಿತ್ತು ಅಂತ ಸರಿಯಾಗಿ ತೋರಿಸಲೂ ಅವರಿಗೆ ಆಗಲಿಲ್ಲ. ಕೆಮ್ಮಿನ ಬದಲು ಬರೀ ಮೌನ ಬಿಟ್ಟರೆ ತಕ್ಷಣ ಗೊತ್ತಾಗುತ್ತದೆ. 'ಇಲ್ಲಿ ಏನೋ ಇದೆ, ಮೇಲೊಂದು ಸದ್ದು ಬಂದು ಮುಚ್ಚಿದೆ' ಅಂತ ನಂಬಲು ಒಂದು ನೆಪ ಸಿಕ್ಕರೆ ಮಾತ್ರ ಮಿದುಳು ತುಂಬಿಕೊಳ್ಳುವುದು.

ಇಷ್ಟೆಲ್ಲ ಜೋಡಿಸಿದ ಮೇಲೂ ನಿಮ್ಮ ಮುಂದೆ ವಾಲಗ ಇದೆ, ಮೈಕು ಇದೆ, ಪಕ್ಕದವರ ಸೀರೆಯ ಮಾತು ಇದೆ. ಇದರಲ್ಲಿ 'ಅಜ್ಜೀ'ಗೇ ಯಾಕೆ ತಲೆ ತಿರುಗಿತು? ಲಂಡನ್ನಿನ ಕಾಲಿನ್ ಚೆರಿ 1953ರಲ್ಲಿ ಜನರ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಕೇಳುತ್ತಾ ಹಾಗೇ ತಿರುಗಿ ಹೇಳಿ ಅಂದರು. ಬಿಟ್ಟ ಕಿವಿಯಲ್ಲಿ ಇಂಗ್ಲಿಷಿನ ಬದಲು ಜರ್ಮನ್ ಶುರುವಾದರೂ ಅವರಿಗೆ ಗೊತ್ತಾಗಲಿಲ್ಲ. ಆದರೆ ಗಂಡಸಿನ ಧ್ವನಿ ಹೋಗಿ ಹೆಂಗಸಿನ ಧ್ವನಿ ಬಂದರೆ ಗೊತ್ತಾಗುತ್ತಿತ್ತು. 1959ರಲ್ಲಿ ನೆವಿಲ್ ಮೋರೆ ಅನ್ನುವವರು ಆ ಬಿಟ್ಟ ಕಿವಿಯಲ್ಲಿ ಕೇಳುಗರ ಹೆಸರನ್ನೇ ಸೇರಿಸಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಅದು ಕೇಳಿಸಿತು. ಅಂದರೆ ಮಿದುಳು ಉಳಿದ ಸದ್ದುಗಳಿಗೆ ಬಾಗಿಲು ಹಾಕುವುದಿಲ್ಲ, ಅರೆತೆರೆದು ಒಬ್ಬ ಕಾವಲುಗಾರನನ್ನು ಕೂರಿಸಿರುತ್ತದೆ. ಅವನ ಕೈಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ: ಸ್ವಂತ ಹೆಸರು, ಮನೆಯವರ ಧ್ವನಿ, ಮಗುವಿನ ಅಳು, ಕಿರುಚಾಟ. ಅಷ್ಟು ದೊಡ್ಡ ಮದುವೆಯಲ್ಲಿ ಹತ್ತು ಮಕ್ಕಳಾದರೂ 'ಅಜ್ಜೀ' ಅಂತ ಕೂಗಿರುತ್ತಾರೆ. ಅದರಲ್ಲಿ ನಿಮ್ಮವಳ ಕೂಗಿಗೆ ಮಾತ್ರ ನೀವು ತಿರುಗಿದ್ದು. ಮಾತಿನ ಅರ್ಥವನ್ನಲ್ಲ, ಮನುಷ್ಯರ ಧ್ವನಿಯನ್ನು ಗುರುತಿಸಲೆಂದೇ ಹೆಚ್ಚಾಗಿ ದುಡಿಯುವ ಜಾಗಗಳು ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಮಿದುಳಿನ ಬದಿಯಲ್ಲಿವೆ ಅಂತ 2000ದಲ್ಲಿ ಪ್ಯಾಸ್ಕಲ್ ಬೆಲಿನ್ ಮತ್ತು ಜೊತೆಗಾರರು ಸ್ಕ್ಯಾನ್ ಮಾಡಿ ತೋರಿಸಿದರು.

2012ರಲ್ಲಿ ಬಂದ ಇನ್ನೊಂದು ಕೆಲಸ ನನಗೆ ಮೈ ಜುಮ್ಮೆನ್ನಿಸಿತ್ತು. ಅಮೆರಿಕದಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿನ ಮೇಲೆ ತಂತಿಗಳನ್ನಿಟ್ಟಿದ್ದ ರೋಗಿಗಳಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದರು. ಒಬ್ಬರಿಗೆ ಮಾತ್ರ ಗಮನ ಕೊಡಿ ಅಂದರು. ಆ ತಂತಿಗಳಿಂದ ಬಂದ ಮಿಡಿತವನ್ನು ತಿರುಗಿ ಸದ್ದಿನ ಚಿತ್ರ ಮಾಡಿ ನೋಡಿದರೆ, ಅದು ಗಮನ ಕೊಟ್ಟ ಒಬ್ಬರೇ ಮಾತಾಡಿದ್ದರೆ ಹೇಗಿರುತ್ತಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ಕಿವಿಗೆ ಇಬ್ಬರ ಮಾತೂ ಬಿದ್ದಿತ್ತು. ಮೇಲಿನ ಮಹಡಿಗೆ ಒಬ್ಬರು ಮಾತ್ರ ಹತ್ತಿದ್ದರು.

ಇನ್ನು ಮಾತು. ಇಲ್ಲಿ ನಮ್ಮ ಕನ್ನಡದ್ದೇ ಉದಾಹರಣೆ ತೆಗೆದುಕೊಳ್ಳೋಣ. 'ಹಲ್ಲಿ' ಮತ್ತು 'ಹಳ್ಳಿ'. 'ಬಲೆ' ಮತ್ತು 'ಬಳೆ'. ನಮಗೆ ಇವು ಹಗಲು ರಾತ್ರಿಯಷ್ಟು ಬೇರೆ. ಹೊರದೇಶದಲ್ಲಿ ಬೆಳೆದ ಮಗು ಊರಿಗೆ ಬಂದು 'ತಾತನ ಹಲ್ಲಿಗೆ ಹೋಗೋಣ' ಅಂದರೆ ಎಲ್ಲರೂ ನಗುತ್ತಾರೆ. ಪಾಪ, ಅದು ನಾಲಿಗೆಯ ತಪ್ಪು ಮಾತ್ರ ಅಲ್ಲ, ಎಷ್ಟೋ ಸಲ ಆ ವ್ಯತ್ಯಾಸ ಅದಕ್ಕೆ ಸರಿಯಾಗಿ ಕೇಳಿಸುವುದೇ ಇಲ್ಲ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ 'ಟ' ಮತ್ತು 'ತ' ಇಟ್ಟುಕೊಂಡು ಪರೀಕ್ಷೆ ಮಾಡಿ 1984ರಲ್ಲಿ ಬರೆದರು. ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಕೂಸುಗಳು ಈ ವ್ಯತ್ಯಾಸವನ್ನು ಸಲೀಸಾಗಿ ಹಿಡಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವು ಕಳೆದುಕೊಂಡಿದ್ದವು. ಕಿವಿ ಹಾಳಾಗಿರಲಿಲ್ಲ. ಮನೆಯ ಭಾಷೆಗೆ ಬೇಡದ ವ್ಯತ್ಯಾಸಕ್ಕೆ ಯಾಕೆ ಕಷ್ಟಪಡಬೇಕು ಅಂತ ಮಿದುಳು ಆ ಎರಡು ಡಬ್ಬಿಯನ್ನು ಒಂದು ಮಾಡಿಕೊಂಡಿತ್ತು. ನಮ್ಮ ಮನೆಯ ಕೂಸುಗಳು ಎರಡು ಡಬ್ಬಿಯನ್ನೂ ಇಟ್ಟುಕೊಳ್ಳುತ್ತವೆ. ಆದ್ದರಿಂದ ಮೊಮ್ಮಗಳು ಇನ್ನೂ ಕೂಸಾಗಿರುವಾಗಲೇ ಅವಳ ಹತ್ತಿರ ಬಾಯ್ತುಂಬ ಕನ್ನಡ ಮಾತಾಡಿ ಅಂತ ಅಜ್ಜಿಯರಿಗೆ ನಾನು ಹೇಳುವುದು ಸುಮ್ನೆ ಅಭಿಮಾನಕ್ಕಲ್ಲ.

ಮಾತು ಬರೀ ಕಿವಿಯ ವ್ಯವಹಾರವೂ ಅಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಒಂದು ವಿಚಿತ್ರ ತೋರಿಸಿದರು. ವಿಡಿಯೋದಲ್ಲಿ ತುಟಿ 'ಗ' ಅನ್ನುತ್ತಿದೆ, ಸದ್ದು 'ಬ' ಅಂತಿದೆ. ನೋಡುವವರಿಗೆ ಕೇಳಿಸುವುದು 'ದ'! ಕಣ್ಣು ಮುಚ್ಚಿದರೆ ಮತ್ತೆ 'ಬ'. ನಮ್ಮಲ್ಲಿ ಬರುವ ಹಿರಿಯರು 'ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕೇಳಿಸುತ್ತೆ' ಅಂದಾಗ ಮಕ್ಕಳು ನಗುತ್ತಾರೆ, ನಾನು ನಗುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗಲೇ ಎಷ್ಟೋ ಜನಕ್ಕೆ ತಮ್ಮ ಕಿವಿ ಮಂದ ಆಗಿದೆ ಅಂತ ಮೊದಲ ಸಲ ತಿಳಿದಿದ್ದು. ಅಲ್ಲಿಯವರೆಗೆ ತುಟಿ ಓದಿ ಸಂಭಾಳಿಸುತ್ತಿದ್ದರು, ತಮಗೇ ಗೊತ್ತಿಲ್ಲದ ಹಾಗೆ.

ಈಗ ನಿಮ್ಮ ಯಜಮಾನರ ಶ್ರುತಿಯ ವಿಷಯಕ್ಕೆ ಬರುತ್ತೇನೆ. ನಾನು ಪರೀಕ್ಷೆಯಲ್ಲಿ ಬಳಸುವ ಐದು ಪದ ಇವೆ: ಮುತ್ತು, ಮುಚ್ಚು, ಮುಟ್ಟು, ಮುಕ್ಕು, ಮುಪ್ಪು. ಬಾಯಿಬಿಟ್ಟು ಹೇಳಿ ನೋಡಿ. ಐದರಲ್ಲೂ 'ಮು' ಒಂದೇ, ಕೊನೆಯ 'ಉ' ಒಂದೇ. ನಡುವೆ ಒಂದು ಚಿಕ್ಕ ಮೌನ, ಮೌನದ ಅಂಚಿನಲ್ಲಿ ಒಂದು ಸಣ್ಣ ಸಿಡಿತ. ಐದು ಪದದ ವ್ಯತ್ಯಾಸವೆಲ್ಲ ಇರುವುದು ಆ ಅಂಚಿನಲ್ಲಿ. ಒಮ್ಮೆ ನಾನು ಬಾಯಿ ಮರೆಮಾಡಿಕೊಂಡು 'ಮುಪ್ಪು' ಅಂದೆ, ಎದುರಿಗಿದ್ದ ಹಿರಿಯರು ನಗುತ್ತಾ 'ಮುತ್ತು' ಅಂದರು. ಅವರ ಹೆಂಡತಿ 'ನೋಡಿ, ಇವರಿಗೆ ಮುಪ್ಪು ಅನ್ನೋದು ಮಾತ್ರ ಕೇಳಿಸಲ್ಲ' ಅಂದರು. ನಕ್ಕೆವು. ಆದರೆ ಅಲ್ಲಿ ಆದದ್ದು ಇಷ್ಟು: 'ಆ', 'ಉ' ಅಂಥ ಸ್ವರಗಳು ಜೋರು, ಅವುಗಳ ಬಲ ಹೆಚ್ಚಾಗಿ ಕೆಳಗಿನ ಸ್ಥಾಯಿಯಲ್ಲಿ. ಸ, ಚ, ತ, ಕ ಅಂಥ ವ್ಯಂಜನಗಳ ಗುರುತು ಚಿಕ್ಕದು, ಮೆಲುವಾದದ್ದು, ಹೆಚ್ಚಿನದು 2,000 ಹರ್ಟ್ಸ್‌ನ ಮೇಲೆ. ವಯಸ್ಸಾದ ಹಾಗೆ ಮೊದಲು ಸವೆಯುವುದು ಶಂಖದ ಬಾಗಿಲ ಬಳಿಯ ಜಾಗ, ಅಂದರೆ ಈ ಮೇಲಿನ ಸ್ಥಾಯಿಯ ಜಾಗವೇ. ಶ್ರುತಿ ನಿಂತಿರುವುದು ಕೆಳಗಿನ ಮಗ್ಗಿಯ ಮೇಲೆ, ಅದಕ್ಕೆ ಏನೂ ಆಗಿಲ್ಲ. ಹಾಗಾಗಿ ಹಾಡು ಸರಿ, ಮಾತು ಮಸುಕು.

ಮಿದುಳಿನಲ್ಲೂ ಈ ಎರಡರ ಕೆಲಸ ಸ್ವಲ್ಪ ಬೇರೆ ಬೇರೆ ಕಡೆ ವಾಲಿದೆ. 2020ರಲ್ಲಿ ಕೆನಡಾದ ಒಂದು ತಂಡ ಹಾಡಿನ ತುಣುಕುಗಳನ್ನು ಎರಡು ಥರ ಕೆಡಿಸಿ ಕೇಳಿಸಿತು. ಸಮಯದ ಸೂಕ್ಷ್ಮಗಳನ್ನು ಕೆಡಿಸಿದರೆ ಸಾಹಿತ್ಯ ತಿಳಿಯಲಿಲ್ಲ, ರಾಗ ತಿಳಿಯಿತು. ಸ್ಥಾಯಿಯ ಸೂಕ್ಷ್ಮಗಳನ್ನು ಕೆಡಿಸಿದರೆ ರಾಗ ಹೋಯಿತು, ಸಾಹಿತ್ಯ ಉಳಿಯಿತು. ಸಾಹಿತ್ಯಕ್ಕೆ ಮಿದುಳಿನ ಎಡಬದಿಯ ಶ್ರವಣ ಭಾಗ, ರಾಗಕ್ಕೆ ಬಲಬದಿಯದ್ದು ಹೆಚ್ಚು ಸೂಕ್ಷ್ಮವಾಗಿತ್ತು. ಲಕ್ವ ಹೊಡೆದು ಮಾತು ನಿಂತುಹೋದ ಕೆಲವರು ದೇವರನಾಮವನ್ನು ಸಾಹಿತ್ಯದ ಸಮೇತ ಹಾಡುವುದನ್ನು ನೀವೂ ನೋಡಿರಬಹುದು. ಎಡ ಅಂದರೆ ಮಾತು, ಬಲ ಅಂದರೆ ಸಂಗೀತ ಅಂತ ಗೆರೆ ಎಳೆದು ಹೇಳುವವರ ಮಾತು ಮಾತ್ರ ನಂಬಬೇಡಿ, ಎರಡೂ ಕಡೆ ಎರಡೂ ಕೆಲಸ ನಡೆಯುತ್ತದೆ, ವಾಲುವಿಕೆ ಅಷ್ಟೇ.

ಮನೆಯಲ್ಲಿ ಸರಿ, ಛತ್ರದಲ್ಲಿ ಯಾಕೆ ಆಗಲ್ಲ? ಮನೆಯಲ್ಲಿ ನೀವು ಎದುರಿಗಿರುತ್ತೀರಿ, ವಿಷಯ ಗೊತ್ತಿರುತ್ತದೆ, ಬಿಟ್ಟುಹೋದ ಅಕ್ಷರವನ್ನು ಅವರ ಮಿದುಳು ತುಂಬಿಕೊಳ್ಳುತ್ತದೆ. ಛತ್ರದಲ್ಲಿ ತುಂಬಿಕೊಳ್ಳಲು ಬೇಕಾದ ಗುರುತುಗಳೇ ಸಿಗುವುದಿಲ್ಲ. ಹೊರಸಾಲಿನ ಕೋಶಗಳು ಸವೆದರೆ ಸದ್ದು ಸಣ್ಣದಾಗುವುದಷ್ಟೇ ಅಲ್ಲ, ಚೂಪೂ ಹೋಗುತ್ತದೆ. ಹೋಳುಗಳು ಪಕ್ಕದ ತಟ್ಟೆಗೆ ಚೆಲ್ಲುತ್ತವೆ, ಡೋಲು ಬಂದು ಮಾತಿನ ತಟ್ಟೆಯಲ್ಲಿ ಕೂರುತ್ತದೆ. ಡೋಲಿನ ಪೆಟ್ಟುಗಳ ನಡುವಿನ ಸಂದಿನಲ್ಲಿ ಇಣುಕಲೂ ಅವರಿಗೆ ನಿಮ್ಮಷ್ಟು ಆಗುವುದಿಲ್ಲ. ಕೋಳಿಗಳಲ್ಲಿ ಈ ರೋಮಕೋಶಗಳು ಸತ್ತರೆ ಮತ್ತೆ ಬೆಳೆಯುತ್ತವೆ, ಮನುಷ್ಯರಲ್ಲಿ ಬೆಳೆಯುವುದಿಲ್ಲ. ಕೋಶ ಚೆನ್ನಾಗಿದ್ದು ಅದಕ್ಕೂ ನರಕ್ಕೂ ನಡುವಿನ ಬೆಸುಗೆ ಮಾತ್ರ ಕಳಚಿಕೊಂಡಿರಲೂಬಹುದು. ಜೋರು ಸದ್ದಿಗೆ ಇಲಿಗಳಲ್ಲಿ ಹಾಗಾಗುವುದನ್ನು 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ತೋರಿಸಿದರು. ನಿಶ್ಶಬ್ದ ಕೋಣೆಯಲ್ಲಿ 'ಬೀಪ್' ಕೇಳಿಸುವ ಮಾಮೂಲಿ ಪರೀಕ್ಷೆಯಲ್ಲಿ ಇಂಥದ್ದು ಸಿಕ್ಕಿಬೀಳದೇ ಇರಬಹುದು.

ನೀವು ಮೂರನೇ ಸಲ ಹೇಳುವಾಗ ಕೂಗಿ ಹೇಳಿರುತ್ತೀರಿ ಅಂತ ಊಹಿಸುತ್ತೇನೆ. ಅವರು 'ಕೂಗಬೇಡ್ವೇ, ನಾನೇನು ಕಿವುಡನಾ' ಅಂದಿರುತ್ತಾರೆ. ಇಬ್ಬರದ್ದೂ ತಪ್ಪಿಲ್ಲ. ಕೂಗಿದರೆ ಸ್ವರ ಜೋರಾಗುತ್ತದೆ, 'ತ', 'ಪ' ಅಷ್ಟು ಜೋರಾಗುವುದಿಲ್ಲ. ಮೇಲಾಗಿ ಹೊರಸಾಲು ಸವೆದ ಕಿವಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ಜೋರು ಸದ್ದು ಮಾತ್ರ ಬೇರೆಯವರಿಗೆ ಎಷ್ಟು ಜೋರೋ ಅಷ್ಟೇ ಜೋರು. ನಡುವಿನ ಜಾಗ ಕಿರಿದಾಗಿಬಿಟ್ಟಿರುತ್ತದೆ. ಇಷ್ಟೆಲ್ಲ ಓದಿಕೊಂಡ ನಾನೇ ನಮ್ಮಪ್ಪನ ಮೇಲೆ ರೇಗಿದ್ದೇನೆ, 'ಎಷ್ಟು ಸಲ ಹೇಳೋದು' ಅಂತ. ಬಿಳಿ ಕೋಟು ಹಾಕಿಕೊಂಡಾಗ ಇರುವ ತಾಳ್ಮೆ ಮನೆಯಲ್ಲಿ ಇರುವುದಿಲ್ಲ.

ಏನು ಮಾಡಬೇಕು ಅಂದರೆ, ಮೊದಲು ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ, ಎಷ್ಟೋ ಸಲ ಗುಗ್ಗೆ ಕಟ್ಟಿಕೊಂಡಿದ್ದೇ ಅರ್ಧ ತೊಂದರೆ. ಆಮೇಲೆ ಕಿವಿ ಪರೀಕ್ಷೆ ಮಾಡಿಸಿ. ಬೀಪ್ ಪರೀಕ್ಷೆಯ ಜೊತೆ ಗದ್ದಲದಲ್ಲಿ ಮಾತು ಕೇಳುವ ಪರೀಕ್ಷೆಯನ್ನೂ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅನ್ನುತ್ತಾರೆ. ಶಿವಮೊಗ್ಗದಿಂದ ದೂರವೇ, ಆದರೆ ಕನ್ನಡದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲು ಒಳ್ಳೆಯ ಜಾಗ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲಿ ಮಂದವಾದರೆ ಮಾತ್ರ ಕಾಯಲೇಬೇಡಿ, ಅವತ್ತೇ ಡಾಕ್ಟರ ಹತ್ತಿರ ಓಡಿ.

ಕಿವಿ ಮಷೀನು ಬೇಕು ಅಂದರೆ ಹಾಕಿಸಿ, ನಾಚಿಕೆ ಬೇಡ. ಆದರೆ ಹಾಕಿದ ದಿನವೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮೊದಲ ವಾರ ಅವರು ಫ್ಯಾನಿನ ಸದ್ದು, ತಟ್ಟೆಯ ಸದ್ದು, ನಿಮ್ಮ ಬಳೆಯ ಸದ್ದು ಎಲ್ಲಕ್ಕೂ ಸಿಡುಕುತ್ತಾರೆ. ವರ್ಷಗಟ್ಟಲೆ ಕೇಳದ ಸದ್ದುಗಳು ವಾಪಸ್ ಬಂದಿವೆ, ಯಾವುದನ್ನು ಬಿಡಬೇಕು ಅಂತ ಕಾವಲುಗಾರ ಹೊಸದಾಗಿ ಕಲಿಯಬೇಕು. ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಜನ ಹತ್ತನೇ ದಿನಕ್ಕೆ ಮಷೀನನ್ನು ಡ್ರಾಯರಿಗೆ ಹಾಕಿಬಿಡುತ್ತಾರೆ, ಅದೇ ನನಗೆ ಹೊಟ್ಟೆ ಉರಿಯುವ ವಿಷಯ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಸಿ, ಮೊದಲು ಮನೆಯಲ್ಲಿ, ಆಮೇಲೆ ಅಂಗಡಿ ಬೀದಿಯಲ್ಲಿ.

ಅಲ್ಲಿಯವರೆಗೆ, ಮುಂದಿನ ಮದುವೆಗೆ ಹೋದಾಗ ವಾಲಗದವರು ಎಲ್ಲಿ ಕೂತಿದ್ದಾರೆ, ಸ್ಪೀಕರ್ ಎಲ್ಲಿ ಇಟ್ಟಿದ್ದಾರೆ ಅಂತ ಮೊದಲು ನೋಡಿಕೊಳ್ಳಿ. ಇವರನ್ನು ಅದಕ್ಕೆ ದೂರ, ಗೋಡೆಗೆ ಬೆನ್ನು ಹಾಕಿ ಕೂರಿಸಿ. ಒಂದು ಕಿವಿ ಚೆನ್ನಾಗಿದ್ದರೆ ನೀವು ಆ ಕಡೆಗೆ ಕೂತುಕೊಳ್ಳಿ. ಊಟದ ಪಂಕ್ತಿಯಲ್ಲಿ ತುದಿಯ ಎಲೆ ಅವರಿಗಿರಲಿ. ಮಾತು ಶುರುಮಾಡುವ ಮುಂಚೆ ಒಮ್ಮೆ ಕೈ ಮುಟ್ಟಿ, ಅವರು ನಿಮ್ಮ ಮುಖ ನೋಡಿದ ಮೇಲೆ ಹೇಳಿ. ಕೂಗದೆ, ಸ್ವಲ್ಪ ನಿಧಾನವಾಗಿ ಹೇಳಿ. ಗೊತ್ತಾಗದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. 'ಮುಚ್ಚು' ಕೇಳಿಸದಿದ್ದರೆ 'ಬಾಗಿಲು ಹಾಕಿ' ಅನ್ನಿ.